ಬಂದವರನ್ನೆಲ್ಲ ಹಂಪಿಗೆ ಕಳಿಸುವ ಊರು

ಬಳ್ಳಾರಿಯಿಂದ ಮಗಳ ಮನೆಗೆಂದು ದೆಹಲಿಗೆ ಬಂದಿದ್ದ ಹಿರಿಯರೊಬ್ಬರು ಒಂದು ಭಾನುವಾರ ಹಳೇ ದೆಹಲಿಯ ಸೈಕಲ್ ಟೂರಿಗೆ ಬಂದರು. ಕೌಲ್ ಬಜಾರದಲ್ಲಿ ಬಟ್ಟೆ ವ್ಯಾಪಾರ ಮಾಡಿ, ಈಗ ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟವರು. ಅಳಿಯ ಬುಕ್ ಮಾಡಿದ್ದ. ಇದಕ್ಕೆ ತಲೆಗಿಷ್ಟು ಅಂತ ದುಡ್ಡು ಕಟ್ಟಿದೆ ಅನ್ನೋದು ಅವರಿಗೆ ಗೊತ್ತಾಗಿದ್ದು ಬೆಳಿಗ್ಗೆ ಆರೂವರೆಗೆ ದರಿಯಾಗಂಜ್ ಹತ್ತಿರ ಬಂದು ನಿಂತ ಮೇಲೆ. "ಅಲ್ರೀ, ತುಳಿಯೋರೂ ನಾವೇ, ರೊಕ್ಕ ಕೊಡೋರೂ ನಾವೇ?" ಅಂದರು. ಪ್ಯಾಂಟಿನ ಬಲಗಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಸೈಕಲ್ ಏರಿದರು. ಏರಿದ ಗತ್ತು ನೋಡಿದರೆ ಹಳೇ ಸವಾರ ಅಂತ ತಿಳಿಯುತ್ತಿತ್ತು.

ಮೂರು ತಾಸು ಸುತ್ತಿದ್ದಾಯಿತು. ಕೊನೆಗೆ ತಿಂಡಿಗೆ ಕೂತಾಗ ಗೈಡ್ ಹುಡುಗ ಮಾತಿಗೆ ಕೇಳಿದ: ನಿಮ್ಮ ಊರಿಗೆ ಯಾರಾದರೂ ಬಂದರೆ ಏನು ತೋರಿಸ್ತೀರಿ?

"ಹಂಪಿ."

ಎಷ್ಟು ದೂರ?

"ಒಂದರವತ್ತು ಕಿಲೋಮೀಟರ್."

ಅದು ಬೇರೆ ಊರಾಯಿತಲ್ಲ ಅಂಕಲ್. ನಿಮ್ಮ ಊರಲ್ಲಿ?

ಹಿರಿಯರು ಪೂರಿಯ ಚೂರೊಂದನ್ನು ಪಲ್ಯದಲ್ಲಿ ಅದ್ದಿ, ತಿನ್ನದೆ ಹಾಗೇ ಇಟ್ಟರು. ಗೈಡ್ ಚುಚ್ಚಲು ಕೇಳಿದ್ದಲ್ಲ. ಆದರೂ ಬಳ್ಳಾರಿ ಕಡೆಯವರಿಗೆ ಚುಚ್ಚಬೇಕಾದ ಮಾತೇ ಅದು. ನಮ್ಮಲ್ಲಿ ಬೀಗರು ಬರಲಿ, ಗೆಳೆಯರು ಬರಲಿ, ಕಂಪನಿಯ ದೊಡ್ಡ ಸಾಹೇಬರು ಬರಲಿ, ಬೆಳಿಗ್ಗೆ ವಗ್ಗರಣಿ ಮಿರ್ಚಿ ತಿನ್ನಿಸಿ, ಕಾರು ಹತ್ತಿಸಿ, ಹಂಪಿಗೆ ಕಳಿಸಿಬಿಡುತ್ತೇವೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹಂಪಿ ನಮ್ಮ ಜಿಲ್ಲೆಯೂ ಅಲ್ಲ. ಕಳಿಸುವುದು ಮಾತ್ರ ಬಿಟ್ಟಿಲ್ಲ.

ದೆಹಲಿಯ ಈ ಟೂರು ಹೇಗೆ ನಡೆಯುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೈಕಲ್ ತುಳಿಸಿ ದುಡ್ಡು ಕೀಳುವ ದಂಧೆ ಅಂತ ಊರಿಂದ ಬಂದವರು ಅಂದುಕೊಳ್ಳುವುದೇ ಜಾಸ್ತಿ. ಇದರ ಹಿಂದೆ ಇರುವ ಲೆಕ್ಕಾಚಾರ ಕಂಡರೆ ಅಂಗಡಿ ನಡೆಸಿದವರಿಗೆ ಗೌರವ ಬರುತ್ತದೆ.

ಮೊದಲ ಲೆಕ್ಕ ಹೊತ್ತಿನದು. ಹಳೇ ದೆಹಲಿಯ ಸಗಟು ಅಂಗಡಿಗಳ ಶಟರ್ ಏಳುವುದು ಹತ್ತರ ಸುಮಾರಿಗೆ. ಅಷ್ಟೊತ್ತಿಗೆ ಗಲ್ಲಿಗಳಲ್ಲಿ ಸೈಕಲ್ ಇರಲಿ, ಕಾಲಿಡುವುದೂ ಕಷ್ಟ. ಹಾಗಂತ ಐದಕ್ಕೇ ಹೋದರೆ ಕತ್ತಲು, ಮುಚ್ಚಿದ ಬಾಗಿಲು, ಮಲಗಿದ ನಾಯಿಗಳು, ಇಷ್ಟೇ. ಊರು ಮುಖ ತೊಳೆಯುತ್ತಿರುತ್ತದಲ್ಲ, ಆರೂವರೆಯಿಂದ ಒಂಬತ್ತೂವರೆ, ಅದು ಬೇಕು. ಜನವರಿಯಲ್ಲಿ ದೆಹಲಿಗೆ ಸೂರ್ಯ ಕಾಣುವುದೇ ಏಳೂಕಾಲಿಗೆ, ಮಂಜು ಕವಿದರೆ ಅದೂ ಇಲ್ಲ; ಆಗ ಅರ್ಧ ತಾಸು ಮುಂದೆ ಹಾಕುತ್ತಾರೆ. ಜೂನಿನಲ್ಲಿ ಐದೂವರೆಗೇ ಬೆಳಕು ಹರಿದು, ಎಂಟಕ್ಕೆ ಬಿಸಿಲು ಬಾರಿಸತೊಡಗುತ್ತದೆ. ಆಗ ಹಿಂದಕ್ಕೆ ತರುತ್ತಾರೆ. ಇನ್ನೊಂದು ವಿಚಿತ್ರ ಇದೆ. ಕೆಂಪುಕೋಟೆಯ ಎದುರಿನಿಂದ ಫತೇಪುರಿ ಮಸೀದಿವರೆಗಿನ ಚಾಂದನಿ ಚೌಕವನ್ನು 2021ರಲ್ಲಿ ಹೊಸದಾಗಿ ಕಟ್ಟಿ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ನಿಷೇಧಿಸಿದ್ದಾರೆ. ಅಂದರೆ ಸೈಕಲ್ ಗುಂಪು ಹೋಗುವ ಹೊತ್ತಿಗೆ ನಿಷೇಧ ಶುರುವಾಗಿರುವುದಿಲ್ಲ. ಸರಕು ಇಳಿಸುವ ಟೆಂಪೋಗಳು ಆಗಲೇ ಒಂಬತ್ತರೊಳಗೆ ಕೆಲಸ ಮುಗಿಸುವ ಅವಸರದಲ್ಲಿರುತ್ತವೆ. ಅದಕ್ಕೇ ಗೈಡುಗಳು ಮೊದಲು ಗಲ್ಲಿ ಸುತ್ತಿಸಿ, ದೊಡ್ಡ ಬೀದಿಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.

ಎರಡನೇ ಲೆಕ್ಕ ಸೈಕಲ್‌ನದು. ಸವಾರಿಗೆಂದು ಸೀಟು ಕಟ್ಟುವ ವಾಡಿಕೆಯ ಅಳತೆ ಎಂದರೆ, ಪೆಡಲು ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮಂಡಿ ನೆಟ್ಟಗಾಗಬೇಕು. ಗಲ್ಲಿಯಲ್ಲಿ ಈ ಅಳತೆ ನಡೆಯುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾದ ಕಡೆ ಸೀಟಿನ ಮೇಲೆ ಕೂತೇ ಎರಡೂ ಕಾಲಿನ ಬೆರಳು ನೆಲ ಮುಟ್ಟಬೇಕು. ಹಾಗಾಗಿ ಒಂದು, ಒಂದೂವರೆ ಇಂಚು ಇಳಿಸುತ್ತಾರೆ. ಮಂಡಿಗೆ ಸ್ವಲ್ಪ ಹಿಂಸೆ, ಆದರೆ ಬೀಳುವುದು ತಪ್ಪುತ್ತದೆ. 26 ಇಂಚಿನ ದಪ್ಪ ಟೈರಿಗೆ ನಲವತ್ತರಿಂದ ನಲವತ್ತೈದು ಪಿಎಸ್‌ಐ ಗಾಳಿ. ಕಡಿಮೆ ಇದ್ದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಜೋಡಿ ತೂತು ಬೀಳುತ್ತದೆ. ಪಕ್ಕಪಕ್ಕ ಎರಡು ತೂತು ಕಂಡರೆ ಮೊಳೆ ಹುಡುಕುವ ಕೆಲಸವಿಲ್ಲ, ಗಾಳಿ ಹಾಕಿದವನನ್ನು ಹುಡುಕಿದರೆ ಸಾಕು. ಚಾವಡಿ ಬಜಾರಿನ ಸುತ್ತ ಮಾತ್ರ ಮೊಳೆಯೂ ಉಂಟು, ತಂತಿಯ ತುಂಡೂ ಉಂಟು. ಹಾರ್ಡ್‌ವೇರ್ ಅಂಗಡಿಗಳು ರಾತ್ರಿ ಗುಡಿಸಿ ಹೊರಗೆ ಹಾಕಿದ್ದನ್ನು ಪೌರಕಾರ್ಮಿಕರು ಬಂದು ಎತ್ತುವುದರೊಳಗೆ ಸೈಕಲ್ ಬಂದಿರುತ್ತದೆ.

ಹೊರದೇಶದವರು ಬಿದ್ದರೆ ಮುಕ್ಕಾಲು ಪಾಲು ಬ್ರೇಕಿನಿಂದ. ನಮ್ಮ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ. ಯೂರೋಪಿನ ಬಹಳ ಕಡೆ, ಅಮೆರಿಕದಲ್ಲಿ, ಬಲಗೈ ಹಿಂದಿನ ಚಕ್ರಕ್ಕೆ. ಎಮ್ಮೆ ಅಡ್ಡ ಬಂತು ಅಂತ ಅವರು ಹಿಂದಿನದು ಅಂದುಕೊಂಡು ಬಲಗೈ ಬಿಗಿ ಹಿಡಿದರೋ, ಹ್ಯಾಂಡಲ್ ಮೇಲಿಂದ ಎಮ್ಮೆಯ ಪಾದಕ್ಕೇ ಸಾಷ್ಟಾಂಗ. ಅದಕ್ಕೇ ಮೊದಲ ನೂರು ಮೀಟರ್ ಖಾಲಿ ರಸ್ತೆಯಲ್ಲಿ ಬರೀ ಬ್ರೇಕು ಹಿಡಿಸಿ ನೋಡುತ್ತಾರೆ.

ಗುಂಪು ಎಂಟು ಹತ್ತು ಜನರದು, ಅದಕ್ಕಿಂತ ಜಾಸ್ತಿ ಒಳ್ಳೆಯದಲ್ಲ. ಮುಂದೆ ಗೈಡ್, ಹಿಂದೆ ಪಂಪು, ಟ್ಯೂಬು, ಸ್ಪ್ಯಾನರ್ ಹೊತ್ತ ಸಹಾಯಕ. ತಿರುವು ಬಂದಾಗ ಗೈಡಿನ ಹಿಂದಿನವರು ಆ ಮೂಲೆಯಲ್ಲೇ ನಿಂತು, ಬಂದವರಿಗೆಲ್ಲ ದಾರಿ ತೋರಿಸಿ, ಸಹಾಯಕ ಬಂದ ಮೇಲೆ ಅವನ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ತಿರುವಿಗೆ ಇನ್ನೊಬ್ಬರು. ಇಷ್ಟು ಸಣ್ಣ ಉಪಾಯಕ್ಕೆ ಹಳೇ ದೆಹಲಿಯಂಥ ಜೇಡರಬಲೆಯಲ್ಲೂ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ನಮ್ಮ ಹಿರಿಯರಿಗೆ ಹಿಡಿಸಿದ್ದೇ ಇದು. ಹೌಜ್ ಕಾಜಿಯ ಮೂಲೆಯಲ್ಲಿ ನಿಲ್ಲಿಸಿದ್ದಕ್ಕೆ ಟ್ರಾಫಿಕ್ ಪೊಲೀಸನ ಹಾಗೆ ಕೈ ಬೀಸಿ, ಸಂಬಂಧವೇ ಇಲ್ಲದ ಎರಡು ರಿಕ್ಷಾಗಳನ್ನೂ ತಿರುಗಿಸಿಬಿಟ್ಟಿದ್ದರು.

ಇವೆಲ್ಲ ಕಲಿಯಬಹುದಾದ ಕಸಬು. ನನಗೆ ಹೊಟ್ಟೆಕಿಚ್ಚಾಗುವುದು ಅವರು ಏನು ತೋರಿಸುತ್ತಾರೆ ಅನ್ನುವುದರ ಮೇಲೆ. ಷಹಜಹಾನ್ ಕಟ್ಟಿಸಿದ ಕೆಂಪುಕೋಟೆಯ ಗೋಡೆ ಪಕ್ಕದಲ್ಲೇ ಹೋಗುತ್ತಾರೆ, ನಿಲ್ಲಿಸಿದರೆ ಎರಡು ನಿಮಿಷ. ಜಾಮಾ ಮಸೀದಿ 1656ರಲ್ಲಿ ಮುಗಿಯಿತು ಅಂತ ಒಂದು ಮಾತು ಹೇಳಿ, ಅದರ ಮೆಟ್ಟಿಲ ಕೆಳಗೆ ರಾತ್ರಿಯಿಡೀ ಬೆಂದ ನಿಹಾರಿಯ (ಮಾಂಸದ ಸಾರು) ಹಂಡೆಯ ಮುಚ್ಚಳ ತೆಗೆಯುವುದನ್ನು ನೋಡಲು ಹತ್ತು ನಿಮಿಷ ನಿಲ್ಲುತ್ತಾರೆ. ಮಸಾಲೆ ಸಾಮಾನಿನ ಸಗಟು ಪೇಟೆ ಖಾರಿ ಬಾವಲಿಯಲ್ಲಿ ಅರ್ಧ ತಾಸು. ಅಲ್ಲಿ ಏನಿದೆ? ತಳ್ಳುಗಾಡಿಯ ಮೇಲೇ ಮಲಗಿ ಎದ್ದ ಹಮಾಲರು. ಕೈಪಂಪಿನಲ್ಲಿ ಮುಖ ತೊಳೆದು, ಚಹಾ ಕುಡಿದು, ಮೊದಲ ಲಾರಿಗೆ ಕಾಯುತ್ತಾರೆ. ಎರಡು ಗಾಡಿ ಎದುರುಬದುರಾದರೆ ಇಳಿಜಾರಿನಲ್ಲಿ ಬರುತ್ತಿರುವ ಭಾರದ ಗಾಡಿಗೇ ದಾರಿ, ಅದು ನಿಲ್ಲಲಾರದು. ಸೈಕಲ್‌ನವರು ಇದನ್ನು ಮೊದಲು ಕಲಿಯಬೇಕು. ಗಾಡಿಯ ಹಿಂದಿನಿಂದ ಬರುವ ಕೂಗು ಕೇಳಿದೊಡನೆ ಗೋಡೆಗೆ ಅಂಟಿಕೊಳ್ಳಬೇಕು, ಬೆಲ್ಲು ಬಾರಿಸಿ ವಾದ ಮಾಡುವ ಹಾಗಿಲ್ಲ.

ಅಲ್ಲೇ ಇರುವ ಗಡೋಡಿಯಾ ಮಾರ್ಕೆಟ್ಟಿನ ಮೆಟ್ಟಿಲು ಹತ್ತುವಾಗ ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮುತ್ತಾರೆ. ಜರ್ಮನಿಯವರು, ಜಪಾನಿನವರು, ಮುಂಬೈನವರು ಕಣ್ಣೊರೆಸಿಕೊಳ್ಳುತ್ತ ಮಹಡಿ ಮುಟ್ಟಿದರೆ, ನಮ್ಮ ಹಿರಿಯರು ಒಂದು ಚೀಲದ ಬಾಯಿಗೆ ಕೈ ಹಾಕಿ ನಾಲ್ಕು ಕಾಯಿ ತೆಗೆದು, ತೊಟ್ಟು ಮುರಿದು, ಬೀಜ ಅಲ್ಲಾಡಿಸಿ, ಮೂಸಿ, ವಾಪಸ್ ಹಾಕಿದರು. "ತೇವ ಐತಿ. ತೂಕಕ್ಕೆ ಇಟ್ಟಾರ." ಕೆಮ್ಮಲಿಲ್ಲ. ಕುರುಗೋಡು, ಸಿರುಗುಪ್ಪ ಕಡೆಯ ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಹೊರಡುವ ದಿನಗಳನ್ನು ಕಂಡ ಮೂಗು ಅದು. ಗೈಡ್ ಹೇಳಿಕೊಡಬೇಕಾದ್ದನ್ನು ಅವರೇ ಗೈಡಿಗೆ ಹೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇದರಾಗೇನೈತ್ರೀ ಅಷ್ಟು ದೊಡ್ಡದು? ನಮ್ಮ ಬೆಂಗಳೂರು ರೋಡು ಇದ್ದಂಗೈತಿ" ಅಂದರು.

ಬೆಂಗಳೂರು ರೋಡು ಅಂದರೆ ಬಳ್ಳಾರಿಯ ಪೇಟೆ ಬೀದಿ. ಇದ್ದಂಗೈತಿ, ನಿಜ. ದೆಹಲಿಯವರು ತಮ್ಮ ಬೆಂಗಳೂರು ರೋಡನ್ನು ತೋರಿಸಲು ಜನರನ್ನು ಬೆಳಗಿನ ಜಾವಕ್ಕೆ ಎಬ್ಬಿಸುತ್ತಾರೆ. ನಾವು ನಮ್ಮದನ್ನು ತೋರಿಸಬೇಕಾಗುತ್ತದೆ ಅಂತ ಬೈಪಾಸಿನಲ್ಲಿ ಕರೆದುಕೊಂಡು ಹೋಗುತ್ತೇವೆ.

ನಮ್ಮೂರ ಬೆಳಗು ಎಂದರೆ ವಾಕಿಂಗು. ಮೈದಾನದಲ್ಲಿ ಸುತ್ತು ಎಣಿಸುತ್ತ ಆರು ಸುತ್ತೋ ಎಂಟು ಸುತ್ತೋ ಹೊಡೆದು, ರಾಜಕೀಯ ಮುಗಿಸಿ, ವಗ್ಗರಣಿ ಅಂಗಡಿಗೆ ಬರುತ್ತೇವೆ. ಇಪ್ಪತ್ತು ವರ್ಷ ಒಂದೇ ಮೈದಾನ ಸುತ್ತಿದವರು ಕೋಟೆಯ ಗುಡ್ಡ ಹತ್ತಿದ್ದು ಶಾಲೆಯಲ್ಲಿದ್ದಾಗ ಒಮ್ಮೆ. ಕೇಳಿದರೆ, "ಎಲ್ಲಿಗೆ ಹೋಕ್ಕೈತಿ ಅದು, ಅಲ್ಲೇ ಐತಲ್ಲ." ಊರು ಅಲ್ಲೇ ಇರುತ್ತದೆ ಅನ್ನುವ ಧೈರ್ಯವೇ ನಮಗೆ ಮುಳುವಾಗಿದೆ. ಹೊರಗೆ ಬಂದು ಬಳ್ಳಾರಿ ಅಂದರೆ ಎದುರಿನವರ ಬಾಯಲ್ಲಿ ಬರುವುದು ಒಂದೇ ಪದ, ಗಣಿ. ಗಣಿಗಳು ಊರೊಳಗಿಲ್ಲ, ಸಂಡೂರಿನ ಕಡೆ ಅಂತ ಹೇಳಿ ಹೇಳಿ ಸಾಕಾಗಿದೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ ಸುದ್ದಿ ದೆಹಲಿಯ ಆಟೋದವರಿಗೂ ಗೊತ್ತು, ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟು ತಾವೇ ಹಾಕಿಕೊಂಡಿರಬಹುದು ಅನ್ನುವುದು ಗೊತ್ತಿಲ್ಲ. ಇದು ಅವರ ತಪ್ಪಲ್ಲ. ತೋರಿಸದಿದ್ದರೆ ಕಾಣುವುದು ಹೇಗೆ?

ಬಳ್ಳಾರಿಯಲ್ಲಿ ಇಂಥ ಸೈಕಲ್ ಸವಾರಿ ಆಗುತ್ತದೋ ಇಲ್ಲವೋ ಅನ್ನುವವರಿಗಾಗಿ ದಾರಿಯನ್ನೇ ಹೇಳುತ್ತೇನೆ. ಯಾರಾದರೂ ಹುಡುಗರು ಎತ್ತಿಕೊಂಡರೆ ಪುಕ್ಕಟೆ.

ಹೊರಡುವ ಜಾಗ ಕೆಳಕೋಟೆಯ ಪೂರ್ವದ ಬಾಗಿಲು, ಕೋಟೆ ಆಂಜನೇಯನ ಹತ್ತಿರ. ಏಪ್ರಿಲ್, ಮೇ ತಿಂಗಳಲ್ಲಿ ಐದೂಮುಕ್ಕಾಲಿಗೇ ಚಕ್ರ ಉರುಳಬೇಕು. ಎಂಟಕ್ಕೆ ಮುಗಿಯಬೇಕು. ಬಿಸಿಲೊಂದೇ ಆದರೆ ತಡೆಯಬಹುದು, ನಮ್ಮ ಗುಡ್ಡ ಗ್ರಾನೈಟಿನದು, ನಿನ್ನೆಯ ಕಾವನ್ನು ಪೂರ್ತಿ ಬಿಟ್ಟಿರುವುದೇ ಇಲ್ಲ. ಅಷ್ಟರಲ್ಲಿ ಹೊಸ ಕಾವು ಏರುತ್ತದೆ. ಒಬ್ಬರಿಗೆ ಒಂದೂವರೆ ಲೀಟರ್ ನೀರು ಇರಲಿ. ನವೆಂಬರಿನಿಂದ ಫೆಬ್ರುವರಿ ಮೊದಲ ಭಾಗದವರೆಗೆ ಆರೂವರೆಗೆ ಹೊರಟರೂ ನಡೆಯುತ್ತದೆ, ಅದೇ ಒಳ್ಳೆಯ ಕಾಲ.

ಕೋಟೆಯ ಕಥೆಯನ್ನು ಮೇಲೆ ಹತ್ತಿಸದೆ ಕೆಳಗಿನಿಂದಲೇ ಹೇಳಬಹುದು. ಮೇಲಿನದು ಪಾಳೇಗಾರ ಹನುಮಪ್ಪ ನಾಯಕನ ಕಾಲದ್ದು, ಕೆಳಗಿನದನ್ನು 1769ರ ನಂತರ ಹೈದರಾಲಿ ಫ್ರೆಂಚ್ ಎಂಜಿನಿಯರ್ ಕೈಲಿ ಕಟ್ಟಿಸಿದ್ದು. ಕಟ್ಟಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಗೊತ್ತಾಗಿ ಹೈದರ ಆ ಎಂಜಿನಿಯರನ್ನು ಗಲ್ಲಿಗೇರಿಸಿದ ಅನ್ನುವ ಕಥೆ ಊರಲ್ಲಿ ಎಲ್ಲರಿಗೂ ಬರುತ್ತದೆ. ನಿಜವೋ ಸುಳ್ಳೋ, ಹೇಳುವುದಕ್ಕೆ ಜಾಗ ಮುಖ್ಯ: ಎರಡೂ ಗುಡ್ಡ ಒಟ್ಟಿಗೆ ಕಾಣುವ ತಿರುವಿನಲ್ಲಿ ಸೈಕಲ್ ನಿಲ್ಲಿಸಬೇಕು. ಕೇಳಿದವರು ತಾವೇ ಕಣ್ಣಳತೆ ಹಾಕುತ್ತಾರೆ. ಕುಂಬಾರ ಗುಡ್ಡವನ್ನು ಮಲಗಿದ ಮನುಷ್ಯನ ಮುಖದ ಹಾಗೆ ನೋಡುವುದು ಬೆಳಗಿನ ಓರೆ ಬೆಳಕಿನಲ್ಲಿ ಸುಲಭ, ಮಧ್ಯಾಹ್ನ ಅದು ಬರೀ ಕಲ್ಲು.

ಅಲ್ಲಿಂದ ಬ್ರೂಸ್‌ಪೇಟೆ, ಬೆಂಗಳೂರು ರಸ್ತೆ, ತೇರು ಬೀದಿ. ಬೆಳಗಿನಲ್ಲಿ ಈ ಬೀದಿಗಳಲ್ಲಿ ಕೇಳಬೇಕಾದ್ದು ಮಾತು. ಊರು 1953ರ ಅಕ್ಟೋಬರ್ 1ರವರೆಗೂ ಮದ್ರಾಸ್ ರಾಜ್ಯದಲ್ಲಿತ್ತು. ಹಾಲಿನವ ತೆಲುಗಿನಲ್ಲಿ ಶುರು ಮಾಡಿ, ಲೆಕ್ಕಕ್ಕೆ ಕನ್ನಡಕ್ಕೆ ಬಂದು, ಪಕ್ಕದ ಮನೆಗೆ ಉರ್ದುವಿನಲ್ಲಿ ಕೂಗುತ್ತಾನೆ. ದೆಹಲಿಯಲ್ಲಿ ಗೈಡು ಇಂಥದ್ದನ್ನು ಸಂಸ್ಕೃತಿ ಅಂತ ಹೇಳಿ ಐದು ನಿಮಿಷ ಭಾಷಣ ಮಾಡುತ್ತಾನೆ. ನಮ್ಮಲ್ಲಿ ಅದು ಹಾಲಿನ ಲೆಕ್ಕ. ರಾಯಲ್ ಸರ್ಕಲ್ ದಾಟಿ (ಬೋರ್ಡಿನಲ್ಲಿ ಗಡಿಗಿ ಚನ್ನಪ್ಪ ವೃತ್ತ ಅಂತಿದೆ, ಬಾಯಿಗೆ ಇನ್ನೂ ಬಂದಿಲ್ಲ) ದುರ್ಗಮ್ಮನ ಗುಡಿ. ಮುಂದಿನ ಅಂಡರ್‌ಬ್ರಿಡ್ಜಿನಲ್ಲಿ ಮಳೆ ಬಂದ ಮಾರನೇ ದಿನ ಇಳಿಯಬಾರದು. ನೀರು ನಿಂತರೆ ಗುಂಡಿ ಕಾಣುವುದಿಲ್ಲ, ಮೊಳಕಾಲು ಮುಳುಗುತ್ತದೆ. ರೈಲ್ವೆ ಗೇಟಿನ ಕಡೆಯಿಂದ ಹೋದರೆ ಹಳಿಯನ್ನು ನೇರ ಅಡ್ಡಕ್ಕೆ ದಾಟಬೇಕು. ಓರೆಯಾಗಿ ಹೋದರೆ ಹಳಿಯ ಸಂದಿಗೆ ಮುಂದಿನ ಚಕ್ರ ಸಿಕ್ಕಿ ಪಕ್ಕಕ್ಕೆ ಒಗೆಯುತ್ತದೆ. ಗೇಟು ಬಿದ್ದು ಗೂಡ್ಸ್ ಬಂತೋ, ಅದಿರಿನ ವ್ಯಾಗನ್ ಎಣಿಸಿಕೊಂಡು ನಿಲ್ಲುವುದು. ಅದೂ ಟೂರಿನ ಭಾಗ ಅಂತ ಹೇಳಿಬಿಟ್ಟರಾಯಿತು.

ಕೌಲ್ ಬಜಾರ್ ಈ ಸವಾರಿಯ ಜೀವ. ದೆಹಲಿಗೆ ಖಾರಿ ಬಾವಲಿ ಇದ್ದ ಹಾಗೆ ನಮಗೆ ಜೀನ್ಸು. ಬೆಳಿಗ್ಗೆ ಆರರಿಂದ ಟಿವಿಎಸ್ ಎಕ್ಸೆಲ್‌ಗಳು ಕತ್ತರಿಸಿದ ಬಟ್ಟೆಯ ಗಂಟು ಹೊತ್ತು ಗಲ್ಲಿಗಲ್ಲಿಗೆ ನುಗ್ಗುತ್ತವೆ. ಉದ್ದನೆಯ ಮೇಜಿನ ಮೇಲೆ ಡೆನಿಮ್ ತಾನನ್ನು ಪದರ ಪದರ ಹಾಸಿ, ಮೇಲಿನ ಪದರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮಿಷನ್ ಹಿಡಿದು ಒಂದೇ ಸಲಕ್ಕೆ ಹತ್ತಾರು ಪ್ಯಾಂಟಿನ ಕಾಲು ಕತ್ತರಿಸುತ್ತಾರೆ. ಪದರ ಸರಿದಿದ್ದರೆ ಅಷ್ಟೂ ಪ್ಯಾಂಟಿನ ಒಂದು ಕಾಲು ತಿರುಚಿಕೊಳ್ಳುತ್ತದೆ. ನಾಲ್ಕು ಸಲ ಒಗೆದ ಮೇಲೆ ಹೊಲಿಗೆ ಮುಂದಕ್ಕೆ ಬರುವ ಅಗ್ಗದ ಪ್ಯಾಂಟಿನ ಗುಟ್ಟುಗಳಲ್ಲಿ ಇದೂ ಒಂದು. ಜೇಬು ಒಂದು ಮನೆ, ಜಿಪ್ಪು ಒಂದು ಮನೆ, ಬೆಲ್ಟಿನ ಪಟ್ಟಿ ಇನ್ನೊಂದು ಮನೆ. ಬಾಗಿಲ ಹೊಸ್ತಿಲಲ್ಲಿ ಕೂತ ಹೆಣ್ಣುಮಕ್ಕಳು ಸಣ್ಣ ಕತ್ತರಿಯಲ್ಲಿ ದಾರದ ತುದಿ ತೆಗೆಯುತ್ತಾರೆ, ಕೂಲಿ ನಗಕ್ಕಿಷ್ಟು. ಆಮೇಲೆ ಪ್ಯೂಮಿಸ್ ಕಲ್ಲಿನ ಜೊತೆ ಡ್ರಮ್ಮಿನಲ್ಲಿ ಉರುಳಿಸಿ ಹೊಸ ಪ್ಯಾಂಟನ್ನು ಹಳೆಯದು ಮಾಡುತ್ತಾರೆ. ಆ ನೀಲಿ ನೀರು ಚರಂಡಿಯಲ್ಲಿ ಹರಿಯುವುದನ್ನೂ ತೋರಿಸಬೇಕು, ಮುಚ್ಚಿಡಬಾರದು. ದೆಹಲಿಯವರು ಯಮುನೆಯ ನೊರೆಯನ್ನು ಮುಚ್ಚಿಡುವುದಿಲ್ಲ.

ಇಲ್ಲಿ ನಾಯಿಗಳ ವಿಷಯ ಒಂದು ಮಾತು. ಮಾಂಸದಂಗಡಿ ಹತ್ತಿರದ ನಾಯಿಗಳು ಹೊಸ ಸೈಕಲ್ ಕಂಡರೆ ಬೆನ್ನಟ್ಟುತ್ತವೆ. ಜೋರಾಗಿ ತುಳಿದಷ್ಟೂ ಅವಕ್ಕೆ ಹುರುಪು. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ಹತ್ತು ಹೆಜ್ಜೆ ನಡೆದರೆ ಸಾಕು, ಅವಕ್ಕೆ ಬೇಜಾರಾಗುತ್ತದೆ. ಹಂದಿಗಳಿಗೆ ಈ ಉಪಾಯ ನಡೆಯುವುದಿಲ್ಲ, ಅವು ಯಾರನ್ನೂ ಲೆಕ್ಕಕ್ಕೆ ಇಡುವುದಿಲ್ಲ.

ಕಾಲಿಗೆ ಬಲ ಇರುವವರಿಗೆ ಸಂಗನಕಲ್ಲು. ಊರಿಂದ ಐದಾರು ಕಿಲೋಮೀಟರ್, ಸಪಾಟು ದಾರಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲೇ ಕಂಡಿದ್ದ ಹೊಸ ಶಿಲಾಯುಗದ ಊರು. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮೊದಲಾದವರು ವರ್ಷಗಟ್ಟಲೆ ಅಭ್ಯಾಸ ಮಾಡಿದ ಜಾಗ. ಅಲ್ಲಿನ ಹಿರೇಗುಡ್ಡದ ಕರಿಕಲ್ಲಿನ ಪಟ್ಟೆಯಿಂದ ಕಲ್ಲು ಎಬ್ಬಿಸಿ, ಕೆತ್ತಿ, ತಿಕ್ಕಿ ಕೊಡಲಿ ಮಾಡುತ್ತಿದ್ದರು. ಅಂದರೆ ಕೌಲ್ ಬಜಾರದ ಹಾಗೆ ಅದೂ ಕಾರ್ಖಾನೆಯ ಊರೇ, ಸಾವಿರಾರು ವರ್ಷ ಹಿಂದಿನದು ಅಷ್ಟೇ. ಬಂಡೆಗಳ ಮೇಲೆ ಗೂಳಿಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳು ಬಡಿದರೆ ಗಂಟೆಯ ಹಾಗೆ ಮೊಳಗುತ್ತವೆ, ಬಡಿದು ಬಡಿದು ಬಿದ್ದ ಹಳೇ ಗುಳಿಗಳು ಅಲ್ಲೇ ಇವೆ. ಬಂದವರೆಲ್ಲ ಒಂದೊಂದು ಏಟು ಹಾಕಿದರೆ ಗುಳಿ ಹಾಳಾಗುತ್ತದೆ, ಗೈಡು ಕೈ ಹಿಡಿಯಬೇಕು. ಹಂಪಿಯ ವಿಠ್ಠಲ ಗುಡಿಯ ಕಂಬಗಳಿಗೂ ಬಂದವರು ಇದನ್ನೇ ಮಾಡಿದ್ದು.

ಸಂಗನಕಲ್ಲಿನ ದಾರಿಯಲ್ಲಿ ಪಂಕ್ಚರ್ ಖಾತ್ರಿ. ದೇಶಕ್ಕೆಲ್ಲ ಹರಡಿದ ಆ ಪೊದೆಗೆ ಕನ್ನಡದಲ್ಲಿ ಬಳ್ಳಾರಿ ಜಾಲಿ ಅಂತಲೇ ಹೆಸರು. ಊರಿನ ಹೆಸರನ್ನು ಹೊರನಾಡಿಗೆ ಮುಟ್ಟಿಸಿದ್ದು ನಮಗಿಂತ ಮುಂಚೆ ಮುಳ್ಳು! ಅದರ ಮುಳ್ಳು ಟೈರು ಹೊಕ್ಕು ಒಳಗೆ ಮುರಿದುಕೊಳ್ಳುತ್ತದೆ, ಹೊರಗಿಂದ ಕಾಣುವುದಿಲ್ಲ. ಟ್ಯೂಬು ಬದಲಿಸಿ ಗಾಳಿ ತುಂಬಿದವರು ಅರ್ಧ ಕಿಲೋಮೀಟರಿಗೆ ಮತ್ತೆ ಇಳಿಯುತ್ತಾರೆ. ಟೈರಿನ ಒಳಮೈಯನ್ನು ಪೂರ್ತಿ ಒಂದು ಸುತ್ತು ಬೆರಳಾಡಿಸಿ, ಹತ್ತಿಯ ಚೂರನ್ನಾದರೂ ಎಳೆದು ನೋಡಿ, ಸಿಕ್ಕಿಕೊಂಡ ಕಡೆ ಇಕ್ಕಳದಲ್ಲಿ ಕಿತ್ತ ಮೇಲೇ ಹೊಸ ಟ್ಯೂಬು ಹಾಕಬೇಕು. ತೇಪೆ ಹಾಕುವುದಾದರೆ ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಬಳಿದು, ಅದು ಒಣಗಿ ಮಂಕಾಗುವವರೆಗೆ ಕಾಯಬೇಕು. ಹಸಿಯಿದ್ದಾಗಲೇ ಅಂಟಿಸಿದ ತೇಪೆ ನಮ್ಮ ಬಿಸಿಲಿಗೆ ಹತ್ತು ನಿಮಿಷದಲ್ಲಿ ಜಾರುತ್ತದೆ.

ಇಷ್ಟೆಲ್ಲ ಇದ್ದೂ ಊರಿನವರಿಗೆ ಇದು ಹೊಳೆಯದಿರುವುದು ನನಗೆ ಸಿಟ್ಟು ತರಿಸುತ್ತದೆ. ಸಿಟ್ಟಿನಲ್ಲಿ ದೆಹಲಿಯನ್ನು ಹೊಗಳಿದ್ದು ಒಂದು ತೂಕ ಜಾಸ್ತಿಯೇ ಆಗಿರಬಹುದು. ನವೆಂಬರಿನ ದೆಹಲಿಯಲ್ಲಿ ಮೂರು ತಾಸು ಸೈಕಲ್ ತುಳಿಯುವುದು ಶ್ವಾಸಕೋಶಕ್ಕೆ ಮಾಡುವ ಅನ್ಯಾಯ. ಆ ದಿನಗಳಲ್ಲಿ ತಿಳಿದವರು ಟೂರು ರದ್ದು ಮಾಡುತ್ತಾರೆ, ದುಡ್ಡಿನ ಆಸೆಯವರು ಮಾಸ್ಕು ಕೊಡುತ್ತಾರೆ. ಬಳ್ಳಾರಿಯಲ್ಲೂ ಅದಿರಿನ ಕೆಂಪು ಧೂಳು ಉಂಟು. ಆದರೂ ಚಳಿಗಾಲದ ಬೆಳಿಗ್ಗೆ ಕೋಟೆ ಬುಡದಲ್ಲಿ ಎದೆ ತುಂಬ ಉಸಿರು ಎಳೆಯಬಹುದು.

ಇನ್ನೊಂದನ್ನು ಹೇಳಲು ಮನಸ್ಸಿಲ್ಲ, ಹೇಳದಿದ್ದರೆ ಸುಳ್ಳಾಗುತ್ತದೆ. ಖಾರಿ ಬಾವಲಿಯಲ್ಲಿ ಮುಖ ತೊಳೆಯುವ ಹಮಾಲ ದಿನಾ ಹತ್ತು ಕ್ಯಾಮೆರಾಗಳಿಗೆ ಮುಖ ಕೊಡುತ್ತಾನೆ. ಅವನ ಹೆಸರೇನು ಅಂತ ಮೂರು ತಾಸಿನಲ್ಲಿ ಒಬ್ಬರೂ ಕೇಳುವುದಿಲ್ಲ. ಅವನೂ ಕೇಳುವುದಿಲ್ಲ. ಗೈಡು ಒಳ್ಳೆಯವನಾದರೆ ಅನುಮತಿ ಕೇಳಿ ಫೋಟೋ ತೆಗೆಸುತ್ತಾನೆ, ಅಲ್ಲಿಗೆ ಮುಗಿಯಿತು. ಟೂರು ಹೊತ್ತಿಗೆ ಸರಿಯಾಗಿ ಮುಗಿಯುವುದೇ ಯಾರೂ ಯಾರನ್ನೂ ಮಾತಾಡಿಸದೆ ಇರುವುದರಿಂದ. ನಮ್ಮ ಹಿರಿಯರು ಆ ದಿನ ಇಡೀ ಗುಂಪನ್ನು ಹದಿನೈದು ನಿಮಿಷ ತಡ ಮಾಡಿದ್ದರು. ತಳ್ಳುಗಾಡಿಯವನೊಬ್ಬನ ಹತ್ತಿರ ತಮಗೆ ಬರುವ ಉರ್ದುವಿನಲ್ಲಿ ಯಾವ ಊರು, ಎಷ್ಟು ಮಕ್ಕಳು, ಕ್ವಿಂಟಾಲಿಗೆ ಕೂಲಿ ಎಷ್ಟು ಅಂತ ವಿಚಾರಿಸುತ್ತ ನಿಂತುಬಿಟ್ಟಿದ್ದರು. ಗೈಡು ಗಡಿಯಾರ ನೋಡಿಕೊಳ್ಳುತ್ತಿದ್ದ. ಬಿಹಾರದವನಂತೆ, ಮೂವರು ಹೆಣ್ಣುಮಕ್ಕಳಂತೆ. ಕೂಲಿಯನ್ನು ಮಾತ್ರ ಆತ ಹೇಳಲಿಲ್ಲ. ವ್ಯಾಪಾರಸ್ಥರು ಕೇಳಿದರೆ ಕೂಲಿಯವರು ಹೇಳುವುದಿಲ್ಲ, ಎಲ್ಲ ಊರಲ್ಲೂ.

ಊರಿಗೆ ವಾಪಸ್ ಹೋದ ಮೇಲೆ ಅವರ ಫೋನು ಬಂತು. ಮೊಮ್ಮಗನ ಗೇರ್ ಸೈಕಲ್ ತೆಗೆದುಕೊಂಡು, ಸೀಟು ಒಂದೂವರೆ ಇಂಚು ಇಳಿಸಿಕೊಂಡು, ಆರಕ್ಕೆ ಮನೆ ಬಿಟ್ಟರಂತೆ, ಕೌಲ್ ಬಜಾರಿನಿಂದ ಕೋಟೆಯವರೆಗೆ ಹೋಗಿಬರೋಣ ಅಂತ. ಗೇಟು ದಾಟುವುದರೊಳಗೆ ಎಕ್ಸೆಲ್‌ನ ಮೇಲೆ ಬಂದ ಪರಿಚಯದವರು ನಿಲ್ಲಿಸಿದರು: "ಯಾಕ್ ಮಾವ, ಗಾಡಿ ಕೆಟ್ಟೈತೇನು?" ಇಲ್ಲ ಅಂದರೂ ನಂಬಲಿಲ್ಲ. ದುರ್ಗಮ್ಮನ ಗುಡಿ ಹತ್ತಿರ ಇನ್ನೊಬ್ಬರು ಕಾರು ನಿಲ್ಲಿಸಿ, ಸೈಕಲ್ಲನ್ನು ಡಿಕ್ಕಿಗೆ ಹಾಕೋಣ ಬರ್ರಿ ಅಂದರು. ಮೂರನೆಯವರು ವ್ಯಾಪಾರ ಹೇಗಿದೆ ಅಂತ ಮೆತ್ತಗೆ ಕೇಳಿದರು, ಸಾಲ ಏನಾದರೂ ಆಯಿತೇ ಅನ್ನುವ ದನಿಯಲ್ಲಿ. ರಾಯಲ್ ಸರ್ಕಲ್ ಮುಟ್ಟುವಷ್ಟರಲ್ಲಿ ಮೂರು ಚಹಾ ಆಗಿತ್ತು, ಎಂಟು ಗಂಟೆಯಾಗಿ ಬಿಸಿಲು ಏರಿತ್ತು.

"ಕೋಟಿ ಇನ್ನೊಂದಿನ ನೋಡಿದರಾತು ಬಿಡ್ರಿ," ಅಂದರು. "ಎಲ್ಲಿಗೆ ಹೋಕ್ಕೈತಿ."